ಹಾಡು ಯಾವಾಗ ಬದಲಾಯ್ತು?

ಗ್ರೇಟ್‌ಫುಲ್ ಡೆಡ್ ಎಂಬ ಅಮೆರಿಕದ ರಾಕ್ ತಂಡದ ಅಭಿಮಾನಿಗಳು ಹಾಡಿನ ಹೆಸರು ಹೇಳುವುದು ಕಡಿಮೆ, ತಾರೀಖು ಹೇಳುವುದೇ ಹೆಚ್ಚು. ‘5-8-77’ ಎಂದರೆ ಸಾಕು, ಎದುರಿಗಿದ್ದವನು ಕಣ್ಣು ಮುಚ್ಚಿ ತಲೆದೂಗುತ್ತಾನೆ. ನಾವು ಆಗಸ್ಟ್ 5 ಎಂದುಕೊಳ್ಳಬೇಕಾಗಿಲ್ಲ. ಆ ದೇಶದಲ್ಲಿ ತಿಂಗಳೇ ಮುಂದೆ. ಅದು 1977ರ ಮೇ 8, ನ್ಯೂಯಾರ್ಕ್ ರಾಜ್ಯದ ಇಥಾಕಾ, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ಮೇ ತಿಂಗಳಲ್ಲೂ ಅಂದು ಹಿಮ ಬಿತ್ತಂತೆ.

ಒಂದೇ ಹಾಡನ್ನು ಎರಡು ಸಲ ಒಂದೇ ತರಹ ನುಡಿಸುವ ಅಭ್ಯಾಸ ಇವರಿಗಿರಲಿಲ್ಲ. ಆದ್ದರಿಂದ ಒಂದು ಕಛೇರಿ ಕೇಳಿದವನು ಇನ್ನೊಂದಕ್ಕೆ ಹಂಬಲಿಸುತ್ತಿದ್ದ, ಕ್ಯಾಸೆಟ್ ಹುಡುಕುತ್ತಿದ್ದ. ಕೇಳುಗರು ಕಛೇರಿಯನ್ನು ಮುದ್ರಿಸಿಕೊಳ್ಳುವುದಕ್ಕೆ ತಂಡವೂ ಅಡ್ಡಿ ಮಾಡಲಿಲ್ಲ. 1984ರಲ್ಲಂತೂ ಮೈಕು ಹೊತ್ತು ಬರುವವರಿಗೆಂದೇ ಸಭಾಂಗಣದಲ್ಲಿ ಬೇರೆ ಜಾಗ ಕೊಟ್ಟಿತು. ಕ್ಯಾಸೆಟ್ ಕೈಯಿಂದ ಕೈಗೆ ಹೋಗಲಿ, ಕಾಸು ಮಾತ್ರ ಹೋಗಬಾರದು: ಕಟ್ಟಳೆ ಇಷ್ಟೇ.

ಕಾರ್ನೆಲ್ ಕಛೇರಿಯನ್ನು ಮುದ್ರಿಸಿಕೊಂಡವರು ತಂಡದ ಬೆಟ್ಟಿ ಕ್ಯಾಂಟರ್-ಜ್ಯಾಕ್ಸನ್. ಅವರ ಟೇಪುಗಳು ಒಂದು ಬಾಡಿಗೆ ಕೋಣೆಯಲ್ಲಿದ್ದವು. ಬಾಡಿಗೆ ಬಾಕಿಯಾಯಿತು, ಮಾಲೆಲ್ಲ ಹರಾಜಾಯಿತು. ಅಂಥ ಟೇಪಿನ ಸಂಗೀತವೇ ಮುಂದೆ ಲೈಬ್ರರಿ ಆಫ್ ಕಾಂಗ್ರೆಸ್‌ನ 2011ರ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿತು. 2017ರಲ್ಲಿ ಅಧಿಕೃತವಾಗಿ ಬಿಡುಗಡೆಯೂ ಆಯಿತು.

ಹಾಗಾದರೆ ಅದರಲ್ಲೇನಿದೆ? ಎರಡನೆಯ ಭಾಗದ ಶುರುವಿನಲ್ಲಿ ‘ಸ್ಕಾರ್ಲೆಟ್ ಬಿಗೋನಿಯಾಸ್’ ಮುಗಿಯುತ್ತದೆ, ಆದರೆ ಹೋಗುವುದಿಲ್ಲ. ‘ಬರ್ತೀವಿ’ ಎಂದು ಎದ್ದ ನೆಂಟರು ಗೇಟಿನ ಹತ್ತಿರ ನಿಂತು ಅರ್ಧ ಗಂಟೆ ಹರಟುತ್ತಾರಲ್ಲ, ಹಾಗೆ. ಒಳಗೆ ಕೂತು ಆಡದ ಮಾತೆಲ್ಲ ಹೊರಬೀಳುವುದು ಅಲ್ಲಿಯೇ! ಜೆರಿ ಗಾರ್ಸಿಯಾನ ಗಿಟಾರು ಅಲೆಯುತ್ತಿರುವಾಗಲೇ ಫಿಲ್ ಲೆಶ್‌ನ ಬೇಸ್ ಮೆಲ್ಲಗೆ ದಾರಿ ಬದಲಿಸಿರುತ್ತದೆ. ನೋಡಿದರೆ ‘ಫೈರ್ ಆನ್ ದ ಮೌಂಟನ್’ನಲ್ಲಿದ್ದೇವೆ. ಎರಡೂ ಸೇರಿ ಸುಮಾರು 25 ನಿಮಿಷ.

“ಇನ್ನೂ ಅದೇ ಹಾಡೇನ್ರೀ?” ಎಂದು ಅಡುಗೆಮನೆಯಿಂದ ಪ್ರಶ್ನೆ ಬಂತು.

“ಇಲ್ಲ, ಇದು ಎರಡನೇದು.”

“ಯಾವಾಗ ಬದಲಾಯ್ತು?”

ಇಷ್ಟು ಸೂಕ್ಷ್ಮವಾದ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ.

ತಂಡದ ಇಬ್ಬರು ಡ್ರಮ್ಮರುಗಳಲ್ಲಿ ಒಬ್ಬನಾದ ಮಿಕಿ ಹಾರ್ಟ್‌ಗೆ ಉಸ್ತಾದ್ ಅಲ್ಲಾ ರಖಾ ಅವರ ತಬಲಾದ ಗುಂಗು ಹಿಡಿದಿತ್ತು. ಅವರ ಮಗ ಜಾಕಿರ್ ಹುಸೇನ್ ಜೊತೆಗೂ ಆತ ಬಹಳ ನುಡಿಸಿದ. ಆದ್ದರಿಂದ ನಾನು ತೊಡೆ ತಟ್ಟುತ್ತಾ ಕೂತರೆ ತೀರಾ ಅಧಿಕಪ್ರಸಂಗವೇನಲ್ಲ.

ಕುಂದುಗಳಿಲ್ಲವೆ? ಇವೆ. ಕಂಠಗಳು ಅಷ್ಟಕ್ಕಷ್ಟೆ. ‘ಡ್ಯಾನ್ಸಿಂಗ್ ಇನ್ ದ ಸ್ಟ್ರೀಟ್’ ನನಗೆ ಕೊಂಚ ಹೆಚ್ಚೇ ಉದ್ದವಾಯಿತು. ನಡುವೆ ತಂಡದ ಬಾಬ್ ವಿಯರ್, ಮುಂದಿನವರು ನುಗ್ಗಾಗುತ್ತಿದ್ದಾರೆ, ಹಿಂದೆ ಸರಿಯಿರಪ್ಪಾ ಎಂದು ಜನರನ್ನು ಬೇಡಿಕೊಳ್ಳುತ್ತಾನೆ. ಅದೂ ಒಂದು ಐಟಮ್ಮಿನಂತೆ ಧ್ವನಿಮುದ್ರಣದಲ್ಲಿದೆ, ನನಗದು ಇಷ್ಟ. ಎರಡನೆಯ ಭಾಗದ ಕೊನೆಗೆ ಬರುವ ‘ಮಾರ್ನಿಂಗ್ ಡ್ಯೂ’ನಲ್ಲಿ ಗಾರ್ಸಿಯಾ ಪಿಸುಮಾತಿನಿಂದ ಗುಡುಗಿನವರೆಗೆ ಹೋಗುವುದನ್ನು ಕೇಳಿದ ಮೇಲೆ ಯಾವ ತಕರಾರೂ ನಿಲ್ಲುವುದಿಲ್ಲ.

ಇದೇ ಅವರ ಅತ್ಯುತ್ತಮ ಕಛೇರಿಯೇ? ಮರುದಿನ ಬಫಲೋದಲ್ಲಿ ನುಡಿಸಿದ್ದೇ ಮೇಲು ಎನ್ನುವವರ ಪಂಗಡವೊಂದಿದೆ. ಅವರ ಜೊತೆ ವಾದಕ್ಕಿಳಿಯಬೇಡಿ, ಬೆಳಗಾಗುತ್ತದೆ. ಕಾರ್ನೆಲ್‌ನ ಕೀರ್ತಿಯಲ್ಲಿ ಅರ್ಧ ಪಾಲು ಬೆಟ್ಟಿಯವರ ಚೊಕ್ಕ ಮುದ್ರಣದ್ದು ಎಂಬುದು ನನ್ನ ತೀರ್ಪು. ಹೊಸದಾಗಿ ಕೇಳುವವರು ನೇರ ಎರಡನೆಯ ಭಾಗಕ್ಕೆ ಹೋಗಿ. ಮೊದಲನೆಯದನ್ನು ಆಮೇಲೆ ಕೇಳಿಕೊಳ್ಳಬಹುದು.