ಮಸುಕು ಮೀಮಾಂಸೆ: ತಿಳವಳ್ಳಿ ಸೀಮೆಯ ಲೆನ್ಸುದರ್ಶನ

ಭಾರತೀಯ ದರ್ಶನಗಳು ಆರು ಎಂದು ಪಾಠಪುಸ್ತಕಗಳು ಹೇಳುತ್ತವೆ. ಮದುವೆ ಸೀಜನ್ನಿನಲ್ಲಿ ಹಾನಗಲ್ ತಾಲ್ಲೂಕಿನ ತಿಳವಳ್ಳಿಯಿಂದ ಹೊರಟು ಶಿಗ್ಗಾವಿ, ಸವಣೂರು, ಹಿರೇಕೆರೂರು ಸುತ್ತಿ ಬಂದವರಿಗೆ ಮಾತ್ರ ಏಳನೆಯದೂ ಇದೆಯೆಂದು ಗೊತ್ತು. ಅದರ ಸಿದ್ಧಾಂತ ಸರಳ: ಮದುಮಗಳು ಸತ್ಯ, ಹಿನ್ನೆಲೆ ಮಿಥ್ಯೆ. ಪ್ರಮಾಣಗಳು ಮೂರು: 35, 50 ಮತ್ತು 85. ಮುಂದಿನ ‘ಮಿಲಿಮೀಟರ್’ ಎಂಬುದನ್ನು ಈ ಪಂಥದ ಮದುವೆ ಫೋಟೊಗ್ರಾಫರ್‌ಗಳು ಉಚ್ಚರಿಸುವುದಿಲ್ಲ. ಗುರುವಿನ ಪೂರ್ತಿ ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಜೂಮ್ ಲೆನ್ಸು ಇಟ್ಟುಕೊಂಡವನು ಗೃಹಸ್ಥ, ಪ್ರೈಮ್ ಲೆನ್ಸು ಹಿಡಿದವನು ಸನ್ಯಾಸಿ. ಹಿಂದೆ ಮುಂದೆ ಸರಿಯಬೇಕೆಂದರೆ ಅವನಿಗೆ ಕಾಲೇ ಗತಿ. ದೀಕ್ಷಾಮಂತ್ರ ಮಾತ್ರ ಅಚ್ಚ ಹಾವೇರಿ ಕಡೆಯದು: “ಅಣ್ಣಾರ, ಹಿಂದೆಲ್ಲಾ ಬ್ಲರ್ ಬರ್ಬೇಕ್ ನೋಡ್ರಿ.”

ಮೂಲಪುರುಷನ ಬಗ್ಗೆ ತಕರಾರಿಲ್ಲ. 1840ರಲ್ಲಿ ವಿಯೆನ್ನಾದ ಗಣಿತ ಪ್ರಾಧ್ಯಾಪಕ ಜೋಸೆಫ್ ಪೆಟ್ಜ್‌ವಾಲ್ ಭಾವಚಿತ್ರಕ್ಕೆಂದೇ ಲೆಕ್ಕ ಹಾಕಿ ಒಂದು ಲೆನ್ಸು ರೂಪಿಸಿದ. ಅದರ ಅಪರ್ಚರ್ ಸುಮಾರು ಎಫ್ 3.6. ಆಗ ಫೋಟೊ ತೆಗೆಸಿಕೊಳ್ಳುವವರು ಹೊತ್ತುಗಟ್ಟಲೆ ಮಿಸುಕದೆ ಕೂರಬೇಕಿತ್ತು; ದೊಡ್ಡ ಬಾಯಿಯ ಲೆನ್ಸು ಆ ಶಿಕ್ಷೆಯನ್ನು ಕಡಿಮೆ ಮಾಡಿತು. ಅಂದರೆ ಅದು ಹುಟ್ಟಿದ್ದು ಬೆಳಕಿನ ಬರಕ್ಕೆ ಪರಿಹಾರವಾಗಿ. ಮಸುಕು ಜೊತೆಗೆ ಬಂದ ಬಳುವಳಿ. ಇಂದಿನವರು ಮದುಮಗಳನ್ನು ಬಿಟ್ಟು ಬಳುವಳಿಯನ್ನೇ ವರಿಸಿದ್ದಾರೆ ಎಂಬ ಆಕ್ಷೇಪಕ್ಕೆ ಪಂಥದಲ್ಲಿ ಉತ್ತರವಿಲ್ಲ. ಬೆಳಕಿನ ಬರಕ್ಕೆ ಇನ್ನೊಂದು ಉದಾಹರಣೆ: 1975ರ ‘ಬ್ಯಾರಿ ಲಿಂಡನ್’ ಚಿತ್ರಕ್ಕೆ ಸ್ಟ್ಯಾನ್ಲಿ ಕುಬ್ರಿಕ್ ಮೇಣದಬತ್ತಿ ಬೆಳಕಿನ ದೃಶ್ಯಗಳನ್ನು ಸೆರೆಹಿಡಿದದ್ದು ನಾಸಾಕ್ಕೆಂದು ತಯಾರಾಗಿದ್ದ ಜೈಸ್ ಕಂಪನಿಯ ಎಫ್ 0.7 ಲೆನ್ಸಿನಿಂದ. ತಿಳವಳ್ಳಿ ಸೀಮೆಯಲ್ಲಿ ಇದನ್ನು ‘ಕರೆಂಟ್ ಹೋದಾಗಿನ ಲೆನ್ಸು’ ಎಂಬ ಶೀರ್ಷಿಕೆಯಡಿ ಸೇರಿಸುವುದು ಯುಕ್ತ.

ಇನ್ನು ಗಣಿತ. ಲೆನ್ಸಿನ ಫೋಕಲ್ ದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಹೊಗುವ ಕಿಂಡಿಯ ಅಗಲ ಸಿಗುತ್ತದೆ. 50ರ ಎಫ್ 1.8ಕ್ಕೆ ಸುಮಾರು 28 ಮಿ.ಮೀ., 85ರ ಎಫ್ 1.4ಕ್ಕೆ ಸುಮಾರು 61 ಮಿ.ಮೀ. ಕಿಂಡಿ ಹಿಗ್ಗಿದಷ್ಟೂ ಸ್ಪಷ್ಟವಾಗಿ ಕಾಣುವ ಪದರ ತೆಳ್ಳಗಾಗುತ್ತದೆ. ಫುಲ್ ಫ್ರೇಮ್ ಕ್ಯಾಮರಾಕ್ಕೆ ಈ 85 ಹಾಕಿ ಎರಡು ಮೀಟರ್ ದೂರದಲ್ಲಿ ನಿಂತರೆ ಆ ಪದರದ ದಪ್ಪ ಹೆಚ್ಚುಕಡಿಮೆ ನಾಲ್ಕೂವರೆ ಸೆಂಟಿಮೀಟರ್. ಎಫ್ 1.2ರ ಶ್ರೀಮಂತನೊಬ್ಬ ಒಂದೂವರೆ ಮೀಟರಿಗೆ ಬಂದನೆಂದರೆ ಎರಡು ಸೆಂಟಿಮೀಟರಿನ ಆಸುಪಾಸು. ಇಷ್ಟರೊಳಗೆ ಒಂದು ಮುಖವನ್ನು ಹೊಂದಿಸಬೇಕು. ಮೂಗುತಿಗೆ ಫೋಕಸ್ ಕೊಟ್ಟರೆ ಕಣ್ಣು ಹೋಯಿತು, ಕಣ್ಣಿಗೆ ಕೊಟ್ಟರೆ ಜುಮುಕಿ ಹೋಯಿತು. ಮುಖ ಸ್ವಲ್ಪ ವಾರೆಯಾದರೆ ಒಂದು ಕಣ್ಣು ಈ ಲೋಕದ್ದು, ಇನ್ನೊಂದು ಪರಲೋಕದ್ದು. ಬಂಗಾರದ ಈಗಿನ ದರ ನೋಡಿದರೆ, ಯಾವ ಒಡವೆಯನ್ನು ಮಸುಕಿಗೆ ಬಲಿಕೊಡಬೇಕೆಂಬುದನ್ನು ಫೋಟೊಗ್ರಾಫರ್ ಒಬ್ಬನೇ ತೀರ್ಮಾನಿಸುವುದು ಅಪಾಯ. ಬೀಗರನ್ನೂ ಕೇಳಬೇಕು.

ಕ್ಷೇತ್ರಪರಿಚಯಕ್ಕೆ ಬಂದರೆ ಈ ಸೀಮೆ ಹಿನ್ನೆಲೆಗಳ ವಿಷಯದಲ್ಲಿ ಅತಿ ಶ್ರೀಮಂತ. ತಿಳವಳ್ಳಿಯಲ್ಲೇ ಶಾಂತೇಶ್ವರನ ಹಳೆಯ ಕಲ್ಲುಗುಡಿ ಇದೆ. ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ ತಲೆಯೆತ್ತಿದರೆ ಕಲ್ಲಿನ ದೊಡ್ಡ ಕಮಲ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರದಲ್ಲಿ ಅರವತ್ತಾರು ಕಂಬದ ನಗರೇಶ್ವರ. ಅದೇ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಉತ್ಸವ ರಾಕ್ ಗಾರ್ಡನ್. ಸವಣೂರಿನ ಮಠದಂಗಳದಲ್ಲಿ ದೊಡ್ಡಹುಣಸೆ ಮರಗಳು. ಆನೆಯ ಮೈಯಂಥ ಅವುಗಳ ಕಾಂಡವನ್ನು ಒಬ್ಬರಿಂದ ತಬ್ಬಲಾಗದು. ಪ್ರೀ ವೆಡ್ಡಿಂಗ್ ಜೋಡಿ ಬಾಡಿಗೆ ಕಾರು, ಮೇಕಪ್ ಅಕ್ಕ, ರಿಫ್ಲೆಕ್ಟರ್ ಹಿಡಿಯುವ ಹುಡುಗ ಸಮೇತ ಇಂಥಲ್ಲಿಗೆ ಬೆಳಗಿನ ಜಾವವೇ ಹೋಗುತ್ತದೆ. ಹೋದ ಮೇಲೆ ಲೆನ್ಸು ಎಫ್ 1.4ಕ್ಕೆ ತೆರೆಯುತ್ತದೆ. ಅರವತ್ತಾರು ಕಂಬಗಳಲ್ಲಿ ಉಳಿಯುವುದು ಒಂದೇ, ಮದುಮಗ ಒರಗಿ ನಿಂತದ್ದು. ಮಿಕ್ಕ ಅರವತ್ತೈದು, ತಿರುಗಣೆಯಲ್ಲಿ ಕಡೆದ ಅಂಚು ಸಮೇತ, ಕಂದು ಬಣ್ಣದ ಒಂದು ಮಸುಕು ಪಟ್ಟಿಯಾಗುತ್ತವೆ. ಎಲೆಗಳ ಸಂದಿಯ ಬಿಸಿಲು ಮಾತ್ರ ಮಾಳಿಗೆ ಮೇಲೆ ಒಣಹಾಕಿದ ಸಂಡಿಗೆಯಂತೆ ದುಂಡುದುಂಡಗೆ ಹರಡಿಕೊಳ್ಳುತ್ತದೆ. ಪಂಥದ ಪರಮಪದ ಅದೇ. ಇದೇ ಸಂಡಿಗೆ ಮನೆಯ ಹಿತ್ತಲಿನ ಬೇವಿನ ಮರದಡಿಯೂ ಸಿಗುತ್ತದೆ, ಕಾರಿನ ಬಾಡಿಗೆಯೂ ಉಳಿಯುತ್ತದೆ. ಇದನ್ನು ಬಹಿರಂಗವಾಗಿ ಹೇಳುವುದು ಸಂಪ್ರದಾಯಕ್ಕೆ ವಿರುದ್ಧ.

ಬಿಸಿಲಿನ ಅಧ್ಯಾಯ ಚಿಕ್ಕದು. ಸುಡುಬಿಸಿಲಲ್ಲಿ ಐಎಸ್ಒ 100, ಎಫ್ 16 ಇಟ್ಟರೆ ಶಟರ್ ವೇಗ ಸೆಕೆಂಡಿನ 100ರಲ್ಲೊಂದು ಭಾಗ ಎಂಬುದು ಫಿಲ್ಮ್ ಕಾಲದ ಹಳೆಯ ಲೆಕ್ಕ. ಎಫ್ 1.4ಕ್ಕೆ ಬಂದರೆ 128 ಪಟ್ಟು ಬೆಳಕು. ಶಟರ್ 12,800ರಲ್ಲೊಂದು ಭಾಗಕ್ಕೆ ಓಡಬೇಕು. ಬಹುಪಾಲು ಯಾಂತ್ರಿಕ ಶಟರ್‌ಗಳು 4,000 ಇಲ್ಲವೇ 8,000ಕ್ಕೆ ಕೈಚೆಲ್ಲುತ್ತವೆ. ಆದ್ದರಿಂದ ಬೆಳಕು ಹೆಚ್ಚು ಬರಲೆಂದು ಸಾಲ ಮಾಡಿ ಲೆನ್ಸು ತಂದವನು, ಬೆಳಕು ಕಡಿಮೆ ಬರಲೆಂದು ಅದರ ಮುಂದೆ ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜು ತಿರುಗಿಸುತ್ತಾನೆ. ಎರಡಕ್ಕೂ ಜಿಎಸ್‌ಟಿ ಉಂಟು.

ಪೂರ್ವಪಕ್ಷ ಬರುವುದು ಸೀರೆ ಅಂಗಡಿಯಿಂದ. ಇಳಕಲ್ ಸೀರೆಯ ಮಾನ ಇರುವುದು ಸೆರಗಿನಲ್ಲಿ. ಅದರ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಕೆಂಪಿನ ಮೇಲೆ ತೋಪು ತೆನೆ ಎಂಬ ಬಿಳಿಯ ವಿನ್ಯಾಸ ಹಲ್ಲುಹಲ್ಲಾಗಿ ಏಳುತ್ತದೆ. ಗುಳೇದಗುಡ್ಡದ ಖಣವಾದರೆ ಬಟ್ಟೆಯ ತುಂಬ ಕಿರುಬೆರಳಿನ ಉಗುರಿಗಿಂತ ಸಣ್ಣ ಬುಟ್ಟಾ. ಎಫ್ 1.4ರಲ್ಲಿ ಕಣ್ಣಿನ ಕಾಡಿಗೆ ರೆಪ್ಪೆರೆಪ್ಪೆಯಾಗಿ ಎದ್ದು ಕಾಣುತ್ತದೆ, ಗಾಳಿಗೆ ಹಿಂದಕ್ಕೆ ಹಾರಿದ ಸೆರಗು ಬರೀ ಕೆಂಪು ಹೊಗೆ. “ಸೀರಿ ಎಲ್ಲೈತ್ರಿ ಇದ್ರಾಗ?” ಎಂಬ ಅಂಗಡಿಯವರ ಪ್ರಶ್ನೆಯನ್ನು ಯಾವ ತರ್ಕಶಾಸ್ತ್ರವೂ ಈವರೆಗೆ ಖಂಡಿಸಿಲ್ಲ. ಫ್ಯಾಷನ್ ಚಿತ್ರದಲ್ಲಿ ಫ್ಯಾಷನ್ನೇ ಮಸುಕಾದರೆ ಉಳಿಯುವುದು ಆಧಾರ್ ಕಾರ್ಡಿನ ಚಿತ್ರ, ಬೆಲೆ ಮಾತ್ರ ಹೆಚ್ಚು. ಬಟ್ಟೆ ಮಾರಾಟಕ್ಕೆ ಚಿತ್ರ ತೆಗೆಯುವ ಸ್ಟುಡಿಯೊದವರು ಫ್ಲ್ಯಾಷ್ ಹಚ್ಚಿ ಸದ್ದಿಲ್ಲದೆ ಎಫ್ 8ಕ್ಕೆ ಹೋಗುವುದು ಇದಕ್ಕೇ. ಫ್ಯಾಷನ್ ಲೋಕದ ದೊಡ್ಡ ಹೆಸರು ರಿಚರ್ಡ್ ಅವೆಡಾನ್ ಅಮೆರಿಕದ ಪಶ್ಚಿಮ ಪ್ರಾಂತ್ಯದ ಜನರ ಚಿತ್ರ ತೆಗೆಯಲು 1979ರಲ್ಲಿ ಹೊರಟಾಗ ಹಿಂದೊಂದು ಬಿಳಿ ಕಾಗದ ಕಟ್ಟಿ ಹಿನ್ನೆಲೆಯ ಸಮಸ್ಯೆಯನ್ನೇ ಮುಗಿಸಿದ. ನಮ್ಮ ಹಳೆಯ ಸ್ಟುಡಿಯೊಗಳ ಬಣ್ಣದ ಪರದೆಯೂ ಅದೇ ಜಾಣತನ: ಬೇಕಾದ ತಾಜಮಹಲನ್ನು ಬರೆಸಿ, ಪೂರ್ತಿ ಫೋಕಸ್‌ನಲ್ಲಿ ತೋರಿಸುವುದು.

ಸಾಧಕರು ಈಗ ಸಮನ್ವಯಕ್ಕೆ ಬಂದಿದ್ದಾರೆ. ಜೋಡಿಗೆ ಸ್ಟೇಟಸ್ ಹಾಕಿಕೊಳ್ಳಲು ಎಫ್ 1.4ರದೊಂದು, ಸೀರೆ ಕೊಟ್ಟ ಸೋದರತ್ತೆಗೆ ಎಫ್ 8ರದೊಂದು. ಮದುವೆ ದಿನ ಗ್ರೂಪ್ ಫೋಟೊ ಹೊತ್ತಿಗೆ 85 ಚೀಲ ಸೇರುತ್ತದೆ. ಮೂರು ಸಾಲು ಜನ, ಮುಂದೆ ನೆಲಕ್ಕೆ ಕೂತ ಮಕ್ಕಳು, ಹಿಂದೆ ಕುರ್ಚಿ ಹತ್ತಿದ ಗಂಡಸರು. ಇಲ್ಲಿ ಯಾರನ್ನು ಮಿಥ್ಯೆ ಎಂದರೂ ಅವರು ಊಟ ಬಿಟ್ಟು ಎದ್ದು ಹೋಗುತ್ತಾರೆ.