ಒಂದೇ ಟಿಕ್

"ನಿಮ್ಮ ದೊಡ್ಡಮ್ಮ ನನ್ನ ಬ್ಲಾಕ್ ಮಾಡಿದಾಳೆ ಕಣೋ. ಬೆಳಗಿಂದ ವಾಟ್ಸಾಪಲ್ಲಿ ಒಂದೇ ಟಿಕ್!"

"ಒಂದು ಟಿಕ್ ಅಂದ್ರೆ ಅವರ ಫೋನಿಗೆ ಇನ್ನೂ ತಲುಪಿಲ್ಲ ಅಂತ, ದೊಡ್ಡಪ್ಪ. ಫೋನ್ ಆಫ್ ಆಗಿದ್ರೂ ಹಾಗೇ."

"ಮೂರು ಸಲ ಆಫ್ ಮಾಡಿ ಆನ್ ಮಾಡ್ದೆ."

"ದೊಡ್ಡಮ್ಮಂದಾ?"

"ನಂದು."

(ಇವರು ಇನ್ನೊಬ್ಬರ ಜ್ವರಕ್ಕೆ ತಾವು ಮಾತ್ರೆ ನುಂಗುವ ಪೈಕಿ.)

"ಎಸ್ಸೆಮ್ಮೆಸ್ ಹಾಕ್ಲಾ?"

"ಹಾಕಿ. ಆದ್ರೆ ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70ಕ್ಕೇ ಒಂದು ಮೆಸೇಜ್ ಮುಗೀತು. ಒಂದು ಒತ್ತಿಗೆ ಎರಡರ ಲೆಕ್ಕ ಬೇರೆ."

"'ದೊಡ್ಡಮ್ಮ' ಅಂದ್ರೆ ಒತ್ತಿಗೇ ನಾಲ್ಕು ಹೋಯ್ತಲ್ಲೋ!"

ಅಡುಗೆಮನೆಯಿಂದ ದೊಡ್ಡಮ್ಮ: "ರೀ, ರಾತ್ರಿ ನನ್ನ ಫೋನು ನೀರಿಗೆ ಬಿತ್ತು, ಅಕ್ಕಿಡಬ್ಬದಲ್ಲಿಟ್ಟಿದೀನಿ. ಬೆಳಗಿಂದ ಒಂದು ಮಾತೂ ಆಡ್ಲಿಲ್ಲ, ನನ್ನ ಮೇಲೆ ಸಿಟ್ಟಾ?"