ರಬ್ಬರಿನ ಅಳಿಯಂದಿರು

ವೇಗದ ಕಾರು ಕೊಂಡವರ ಮುಂದಿನ ಚಪಲ ಗೀರು ಕಡಿಮೆಯಿರುವ ಸೆಮಿ-ಸ್ಲಿಕ್ ಟೈರು. ಅಂಥದೊಂದು ಟೈರಾದ ಟೊಯೊ ಆರ್888ಆರ್‌ನ ಪಕ್ಕೆಯಲ್ಲಿ 'ಟ್ರೆಡ್‌ವೇರ್ 100' ಎಂದಿರುತ್ತದೆ. ಅದೇನು ನೂರಕ್ಕೆ ನೂರು ಮಾರ್ಕ್ಸ್ ಅಲ್ಲ ಸ್ವಾಮಿ! ಅಂಕಿ ಇಳಿದಷ್ಟೂ ಸವೆತ ಬೇಗ. ಸಾಮಾನ್ಯವಾಗಿ ಹಿಡಿತ ಜಾಸ್ತಿ.

ಇವು ಹೊಸ ಅಳಿಯಂದಿರ ಹಾಗೆ: ಬಿಸಿಬಿಸಿ ಉಪಚಾರವಾಗದೆ ಬಗ್ಗುವುದಿಲ್ಲ. ಚೆನ್ನೈ ಬಳಿಯ ಇರುಂಗಾಟುಕೋಟೈ ಟ್ರ್ಯಾಕಿನಲ್ಲಿ ಸುತ್ತು ಹೊಡೆದು ಕಾದ ಮೇಲೆ ತಿರುವುಗಳನ್ನು ಬಿಗಿಯಾಗಿ ಕಚ್ಚುತ್ತವೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಾಮಿನಲ್ಲಿ ಕಾಯುವುದು ಎಂಜಿನ್ನು, ಆಮೇಲೆ ಮಾಲೀಕರ ತಲೆ. ಟೈರಿಗೆ ಅಲ್ಲಿ ಕೆಲಸವೇ ಇಲ್ಲ. ಗೀರು ಕಡಿಮೆಯಾದ್ದರಿಂದ ಮಳೆನೀರು ಸರಿಯಲು ದಾರಿ ಸಾಲದು. ವೇಗವಾಗಿ ಹೋದರೆ ನಿಂತ ನೀರಿನ ಮೇಲೆ ಕಾರು ತೇಲಬಹುದು.

ಟೈರ್ ಅಂಗಡಿಯವ ಬುದ್ಧಿವಂತ. "ಸಾರ್, ವರ್ಷಕ್ಕೆ ಎಷ್ಟು ದಿನ ಟ್ರ್ಯಾಕಿಗೆ ಹೋಗ್ತೀರಾ?"

"ಒಂದು."

"ಹಾಗಾದ್ರೆ ಮಿಕ್ಕ 364 ದಿನಕ್ಕೆ ಯಾವ ಟೈರ್ ತೋರಿಸ್ಲಿ?"